ಬಾನೆಟ್ಟಿಗೊಂದು ಮೂಗು

ಕೇಳುಗರಿಗೆಲ್ಲ ನಮಸ್ಕಾರ ರೀ. ಚಿತ್ರದುರ್ಗದಲ್ಲಿ ಗಾಳಿಗೇನೂ ಬರ ಇಲ್ಲ, ಜೋಗಿಮಟ್ಟಿ ಕಡೆ ತಲೆ ಎತ್ತಿದ್ರೆ ಸಾಕು, ಸಾಲಾಗಿ ಫ್ಯಾನು ತಿರುಗ್ತಿರ್ತಾವೆ. ಆ ಫ್ಯಾನಿನ ಉದ್ದುದ್ದ ರೆಕ್ಕೆ ಅದಾವಲ್ಲ, ಅವು ಕಬ್ಬಿಣದವಲ್ಲ, ಗಾಜಿನ ನಾರು ಮತ್ತೆ ರೆಸಿನ್ ಅನ್ನೋ ಗಟ್ಟಿ ಆಗೋ ಅಂಟು ಸೇರಿಸಿ ಮಾಡಿದ್ದು, ನಾವು ಫೈಬರ್ ಅಂತೀವಲ್ಲ ಅದೇ. ಅಮೆರಿಕದ ಕಾರ್ವೆಟ್ ಕಾರಿನ ಬಾಡಿನ 1953ರಲ್ಲೇ ಇದರಲ್ಲಿ ಮಾಡಿದ್ರು, ನಮ್ಮ ಬೆಂಗಳೂರಲ್ಲಿ 80ರ ದಶಕದಲ್ಲಿ ಬಂದ ಸಿಪಾನಿ ಡಾಲ್ಫಿನ್ ಕಾರಿಂದೂ ಫೈಬರ್ ಬಾಡಿನೇ. ಈಗ ನಾನು ಹೇಳೋಕೆ ಹೊರಟಿರೋದು ಅಷ್ಟು ದೊಡ್ಡದೇನಲ್ಲ, ನಮ್ಮನೇಲಿ ಹುಟ್ಟಿದ ಒಂದು ಮೂಗಿನ ಕಥೆ, ಅಂದ್ರೆ ಕಾರಿನ ಬಾನೆಟ್ ಮೇಲೆ ಗಾಳಿಗೆ ಬಾಯಿ ತೆರೆದು ಕೂರೋ ಸ್ಕೂಪನ್ನ ಫೈಬರಲ್ಲಿ ಮಾಡಿದ ಕಥೆ.

ನಮ್ಮಕ್ಕನ ಮಗ ಒಂದು ಹಳೇ ಮಾರುತಿ 800 ಇಟ್ಕೊಂಡಾನೆ. "ಮಾವ, ಸ್ಕಾರ್ಪಿಯೋಗೆ ಇದ್ದಂಗೆ ಬಾನೆಟ್ ಮೇಲೆ ಒಂದು ಸ್ಕೂಪ್ ಬೇಕು, ಗಾಳಿ ಒಳಗೆ ಹೋದ್ರೆ ಪಿಕಪ್ ಜಾಸ್ತಿ ಆಗ್ತದೆ" ಅಂದ. ಪಿಕಪ್ ಎಲ್ಲಿಂದ ಬರ್ಬೇಕಪ್ಪಾ, ನೂರು ಕಿಲೋಮೀಟರ್ ಸ್ಪೀಡಲ್ಲಿ ಎದುರು ಗಾಳಿನ ಪೂರ್ತಿ ಹಿಡಿದು ಇಂಜಿನ್ನಿಗೆ ತುರುಕಿದ್ರೂ ಒತ್ತಡ ಏರೋದು ಶೇಕಡಾ ಅರ್ಧದಷ್ಟೂ ಅಲ್ಲ. ಸುಬಾರು ಡಬ್ಲ್ಯೂಆರ್‌ಎಕ್ಸ್ ಅಂತ ಒಂದು ಕಾರೈತೆ, ಅದರಲ್ಲಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೋದಿಂದ ಬರೋ ಬಿಸಿ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್ ಇಂಜಿನ್ ಮೇಲೇ ಕೂತಿರ್ತದೆ, ಸ್ಕೂಪ್ ಅದಕ್ಕೆ ಗಾಳಿ ಕೊಡ್ತದೆ, ಅಲ್ಲಿ ಕೆಲಸ ಐತೆ. ನಮ್ಮ 800ಕ್ಕೆ ಅದು ಬರೀ ಶೋಕಿ. ಶೋಕಿ ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಶೋಕಿಗೆ ಬಾನೆಟ್ ಕೊಯ್ಯಬಾರ್ದು ನೋಡ್ರಿ. ಕೆಳಗಡೆ ಪಟ್ಟಿಗಳ ಫ್ರೇಮ್ ಇರ್ತದೆ, ಅದನ್ನ ಕತ್ತರಿಸಿದ್ರೆ ಬಾನೆಟ್ ಬಲಾನೇ ಹೋಗ್ತದೆ, ಮಳೆ ಬಂದ್ರೆ ನೀರು ನೇರ ಇಂಜಿನ್ ಮೇಲೆ, ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ನೆನೆದು ಗಾಡಿ ನಡುರೋಡಲ್ಲಿ ನಿಲ್ತದೆ.

ಅವನು ನಂಬ್ಲಿಲ್ಲ. ಹಂಗಾಗಿ ಒಂದು ಚಳ್ಳಕೆರೆ ಕಂಬಳಿ ಅಂಚಿನಿಂದ ಉಣ್ಣೆ ಎಳೆ ಕಿತ್ತು, ಗೇಣುದ್ದ ಮಾಡಿ, ಬಾನೆಟ್ ತುಂಬ ಟೇಪಲ್ಲಿ ಅಂಟಿಸಿ ಹೊಳಲ್ಕೆರೆ ರೋಡಲ್ಲಿ ಅರವತ್ತರಲ್ಲಿ ಓಡಿಸಿದ್ವಿ. ನೋಡಿದವ್ರು ಯಾವುದೋ ಹರಕೆ ಗಾಡಿ ಅಂದ್ಕೊಂಡಿರ್ಬೇಕು. ಬಾನೆಟ್ ಮುಂಭಾಗದ ಎಳೆ ಎಲ್ಲ ನೆಟ್ಟಗೆ ಹಿಂದಕ್ಕೆ ಮಲಗಿದ್ವು, ಮುಂದಿನ ಗಾಜಿನ ಬುಡದಲ್ಲಿರೋವು ಮಾತ್ರ ದಿಕ್ಕು ತಪ್ಪಿ ಕುಣೀತಿದ್ವು, ಅಲ್ಲಿ ಗಾಳಿ ಗಾಜಿಗೆ ಬಡಿದು ಒತ್ತಡ ಜಾಸ್ತಿ ಆಗಿ ನಿಧಾನ ಆಗ್ತದೆ. ಸ್ಕೂಪ್ ನಡುವಿಗಿಂತ ಸ್ವಲ್ಪ ಮುಂದೆ ಕೂರ್ಬೇಕು ಅಂತ ಅಲ್ಲೇ ತೀರ್ಮಾನ ಆಯ್ತು.

ಮೊದ್ಲು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಥರ್ಮಾಕೋಲ್ ಕೆತ್ತಿ ಚೆಂದ ಆಕಾರ ಮಾಡಿದ್ದೆ, ಎರಡು ಸಂಜೆ ಕೂತು. ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಹಚ್ಚಿದ್ದೇ ತಡ, ಬಿಸಿ ಬಾಣಲೇಲಿ ಬೆಣ್ಣೆ ಬಿದ್ದಂಗೆ ಕರಗಿ ಹೋಯ್ತು. ರೆಸಿನ್ನಲ್ಲಿ ಸ್ಟೈರಿನ್ ಇರ್ತದೆ, ಥರ್ಮಾಕೋಲಿಗೆ ಅದೇ ಶತ್ರು. ಎಪಾಕ್ಸಿ ರೆಸಿನ್ ಆಗಿದ್ರೆ ಕರಗ್ತಿರ್ಲಿಲ್ಲ, ಅದು ದುಬಾರಿ. ಆಮೇಲೆ ಗಣಪತಿ ಮಾಡೋ ಜೇಡಿಮಣ್ಣು ತಂದು, ಬಾನೆಟ್ ಮೇಲೆ ಪ್ಲಾಸ್ಟಿಕ್ ಹಾಸಿ, ಅಲ್ಲೇ ಮೆತ್ತಿ ಆಕಾರ ಮಾಡಿದ್ವಿ. ಬಾನೆಟ್ ಮೇಲೇ ಮಾಡಿದ್ರೆ ಅದರ ವಾಲು ಹೆಂಗೈತೋ ಹಂಗೇ ತಳ ಕೂರ್ತದೆ, ಆಮೇಲೆ ಸಂದಿ ಬರಲ್ಲ. ಎತ್ತರ ಮೂರು ಇಂಚು ದಾಟಬ್ಯಾಡ್ರಿ, ಓಡಿಸೋರಿಗೆ ರೋಡ್ ಕಾಣ್ಬೇಕು, ಅಂಚುಗಳು ದುಂಡಗಿರ್ಬೇಕು, ಯಾರಿಗಾದ್ರೂ ತಾಗಿದ್ರೆ ಕೊಯ್ಯಬಾರ್ದು. ಮಣ್ಣಿನ ಪಸೆ ರೆಸಿನ್ನಿಗೆ ತಾಗಿದ್ರೆ ಸರಿಯಾಗಿ ಗಟ್ಟಿ ಆಗಲ್ಲ, ಅದಕ್ಕೆ ಒಣಗಿದ ಮೇಲೆ ಪೂರ್ತಿ ಪ್ಯಾಕಿಂಗ್ ಟೇಪ್ ಸುತ್ತಿ, ಮೇಲೆ ವ್ಯಾಕ್ಸ್ ಪಾಲಿಶ್ ಹಚ್ಚಿದ್ವಿ. ಟೇಪಿಗೆ ರೆಸಿನ್ ಅಂಟಲ್ಲ.

ಈಗ ಬರ್ತದೆ ನಿಜವಾದ ಕೆಲಸ, ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳ್ರಿ. ಅಂಗಡೀಲಿ ಮೂರು ಸಾಮಾನು ಕೊಡ್ತಾರೆ, ರೆಸಿನ್, ಅದು ಬೇಗ ಗಟ್ಟಿ ಆಗೋಕೆ ಕೋಬಾಲ್ಟ್, ಮತ್ತೆ ಗಟ್ಟಿ ಮಾಡೋ ಹಾರ್ಡನರ್. ಕೋಬಾಲ್ಟ್ ಮೊದ್ಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತೆ ಹಾರ್ಡನರ್ ಎರಡನ್ನೇ ನೇರವಾಗಿ ಯಾವತ್ತೂ ಸೇರಿಸಬ್ಯಾಡ್ರಿ, ಭಗ್ ಅಂತ ಹತ್ಕೊಂತದೆ, ಸಿಡಿಯೋದೂ ಉಂಟು. ಹಾರ್ಡನರ್ ಕಣ್ಣಿಗೆ ಹಾರಿದ್ರೆ ದೃಷ್ಟಿನೇ ಹೋಗ್ಬೋದು, ಕನ್ನಡಕ ಬೇಕೇ ಬೇಕು. ಕಿಲೋ ರೆಸಿನ್ನಿಗೆ ಹತ್ತರಿಂದ ಇಪ್ಪತ್ತು ಗ್ರಾಂ ಹಾರ್ಡನರ್ ಲೆಕ್ಕ, ನಮ್ಮ ಏಪ್ರಿಲ್ ಬಿಸಿಲಿಗೆ ಹತ್ತೇ ಸಾಕು, ಅದೂ ಬೆಳಿಗ್ಗೆ ಏಳಕ್ಕೆ ಶುರು ಮಾಡ್ಬೇಕು. ಒಂದೇ ಸಲ ಕಿಲೋಗಟ್ಟಲೆ ಕಲಸಬ್ಯಾಡ್ರಿ. ನಾನು ಅರ್ಧ ಕಿಲೋ ಕಲಸಿ ಫೋನ್ ಬಂತು ಅಂತ ಮಾತಾಡ್ಕೊಂಡು ನಿಂತೆ, ತಿರುಗಿ ನೋಡೋದ್ರೊಳಗೆ ಮಗ್‌ನಲ್ಲಿ ಹೊಗೆ ಎದ್ದು ಬ್ರಷ್ ಸಮೇತ ಕಲ್ಲಾಗಿತ್ತು. ಸಲಕ್ಕೆ ಇನ್ನೂರು ಗ್ರಾಂ ರೆಸಿನ್, ಹಾರ್ಡನರ್ ಸಿರಿಂಜಲ್ಲಿ ಅಳೆದು, ಅಷ್ಟೇ.

ಗಾಜಿನ ನಾರಿನ ಹಾಸು, ಅಂದ್ರೆ ಮ್ಯಾಟನ್ನ, ಕತ್ತರೀಲಿ ಕತ್ತರಿಸೋದಕ್ಕಿಂತ ಕೈಯಲ್ಲಿ ಹರೀಬೇಕು, ಹರಿದ ಅಂಚು ಒಂದರೊಳಗೊಂದು ಬೆರೀತದೆ, ಗೆರೆ ಕಾಣಲ್ಲ. ಮೊದ್ಲು ರೆಸಿನ್ ಹಚ್ಚಿ, ಮ್ಯಾಟ್ ಇಟ್ಟು, ಮೇಲೆ ಮತ್ತೆ ರೆಸಿನ್, ಬ್ರಷ್ ಎಳೀಬಾರ್ದು, ಚುಚ್ಚಿ ಚುಚ್ಚಿ ಒತ್ಬೇಕು. ಒಂದೆರಡು ನಿಮಿಷಕ್ಕೆ ಮ್ಯಾಟ್ ಮೆತ್ತಗಾಗಿ ತಾನೇ ತಿರುವುಗಳಲ್ಲಿ ಕೂರ್ತದೆ. ಎಲ್ಲಾದ್ರೂ ಬಿಳಿ ಕಲೆ ಉಳೀತು ಅಂದ್ರೆ ಅಲ್ಲಿ ಗಾಳಿ ಸಿಕ್ಕಾಕ್ಕೊಂಡೈತೆ ಅಂತ ಅರ್ಥ. ಚದರ ಮೀಟರಿಗೆ 300 ಗ್ರಾಂ ತೂಗೋ ಮ್ಯಾಟ್ ಒಂದು ಪದರ, 450 ಗ್ರಾಮಿನದ್ದು ಎರಡು ಪದರ, ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ ಬಂತು. ಗಟ್ಟಿ ಆಗೋ ಮುಂಚೆ ಚಪ್ಪಲಿ ಚರ್ಮದ ಹದ ಬರ್ತದಲ್ಲ, ಆಗ ಅಂಚನ್ನ ಬ್ಲೇಡಲ್ಲಿ ಕೊಯ್ದುಬಿಡ್ರಿ, ತಡ ಮಾಡಿದ್ರೆ ಗ್ರೈಂಡರೇ ಗತಿ. ರಾತ್ರಿ ಬಿಟ್ಟು ಮಾರನೇ ದಿನ ಬಿಡಿಸಿ.

ಉಜ್ಜೋದು ಮಾತ್ರ ಬ್ಯಾಸ್ರದ ಕೆಲಸ. ಪುಟ್ಟಿ ಹಚ್ಚು, ಉಪ್ಪುಕಾಗ್ದದಲ್ಲಿ ಉಜ್ಜು, 80, 120, 220, ಕೊನೆಗೆ 400ರ ವಾಟರ್ ಪೇಪರ್, ಮತ್ತೆ ಪ್ರೈಮರ್. ಗಾಜಿನ ಪುಡಿ ಮೈಗೆ ಬಿದ್ರೆ ನಸುಗುನ್ನಿ ಸವರಿದಂಗೆ ತುರಿಸ್ತದೆ, ತುಂಬು ತೋಳಿನ ಅಂಗಿ ಹಾಕ್ಕೊಳ್ರಿ, ಆಮೇಲೆ ತಣ್ಣೀರಲ್ಲೇ ತೊಳ್ಕೊಳ್ರಿ. ಮೂಗಿಗೆ ಕರ್ಚೀಫ್ ಕಟ್ಟಿದ್ರೆ ಸಾಲಲ್ಲ, ರೆಸಿನ್ ವಾಸನೆ ಬಟ್ಟೆಗೆ ನಿಲ್ಲಲ್ಲ, ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು.

ಕೂರ್ಸಿದ್ದು ನಾಲ್ಕು ಬೋಲ್ಟಲ್ಲಿ, ರಬ್ಬರ್ ವಾಷರ್ ಕೊಟ್ಟು. ಡ್ರಿಲ್ ಮಾಡಿದ ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸ್ರಿ, ಇಲ್ದಿದ್ರೆ ತುಕ್ಕು ಅಲ್ಲಿಂದಲೇ ಶುರು. ಗಾಡಿ ಬದಲಾವಣೆಗೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಐತೆ, ಆರ್‌ಟಿಓ ಆಫೀಸಲ್ಲಿ ಕೇಳ್ಕೊಂಡೇ ಹಾಕ್ಸಿ.

ಹುಡುಗ ಖುಷಿಯಾಗಿ ದಾವಣಗೆರೆಗೆ ಬೆಣ್ಣೆ ದೋಸೆ ತಿನ್ನೋಕೆ ಅಂತ ಹೊರಟ, ಹೋಗಿ ಬಂದು "ಮಾವ, ಪಿಕಪ್ ಸ್ವಲ್ಪ ಜಾಸ್ತಿ ಆಗೈತೆ" ಅಂತಾನೆ. ಒಳಗೆ ತೂತೇ ಇಲ್ಲ ಕಣೋ ಅಂದ್ರೂ ಕೇಳಲ್ಲ. ಹದಿನೈದು ದಿನಕ್ಕೆ ಆ ಮೂಗಿನೊಳಗೆ ಕಣಜ ಬಂದು ಮಣ್ಣಿನ ಗೂಡು ಕಟ್ಟಿತ್ತು, ಈಗ ಬಾಯಿಗೊಂದು ಮೆಶ್ ಹಾಕೀನಿ. ನೀವು ಮಾಡೋದಾದ್ರೆ ಮೆಶ್ ಮೊದ್ಲೇ ಹಾಕ್ಕೊಳ್ರಿ, ಬಣ್ಣ ಹೊಡೆಯೋ ಮುಂಚೆ. ನಮಸ್ಕಾರ.