ಟ್ರೋಜನ್: ಅಂಗಡಿಯವರು ಕಟ್ಟಿದ ಲೇಬಲ್

ಎಲ್ಲರಿಗೂ ನಮಸ್ಕಾರ.

ಜಮೈಕಾದ ರೆಗೆ ಸಂಗೀತ ಅಂದ ಕೂಡಲೇ ಬಾಬ್ ಮಾರ್ಲಿ ಹೆಸರು ಬರುತ್ತದೆ, ಅಲ್ವಾ? ಇವತ್ತು ನಾನು ಮಾತಾಡುವುದು ಹಾಡಿದವರ ಬಗ್ಗೆ ಕಡಿಮೆ, ಹಾಡು ಮಾರಿದವರ ಬಗ್ಗೆ ಜಾಸ್ತಿ. ಲಂಡನ್ನಿನ ಟ್ರೋಜನ್ ರೆಕಾರ್ಡ್ಸ್ ಎಂಬ ಲೇಬಲ್, ಅಂದರೆ ಹಾಡಿನ ಡಿಸ್ಕ್ ಹೊರತರುವ ಕಂಪನಿಯ ಬಗ್ಗೆ.

1968ರಲ್ಲಿ ಈ ಲೇಬಲ್ಲಿಗೆ ರೂಪ ಕೊಟ್ಟವರು ಲೀ ಗಾಪ್ಥಲ್ ಮತ್ತು ಐಲ್ಯಾಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್. ಗಾಪ್ಥಲ್ ಜಮೈಕಾದವರು, ಭಾರತೀಯ ಮೂಲದವರು, ಲೆಕ್ಕಪತ್ರದ ಕೆಲಸ ಬಲ್ಲವರು. ಲೇಬಲ್ ಮೇಲಿನ ಶಿರಸ್ತ್ರಾಣ ನೋಡಿ ಗ್ರೀಕ್ ಪುರಾಣ ನೆನೆಯಬೇಡಿ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಸಂಗೀತ ನಿರ್ಮಾಪಕ ಡ್ಯೂಕ್ ರೀಡ್ ತಮ್ಮ ಸ್ಪೀಕರ್‌ಗಳನ್ನು ಹೇರಿಕೊಂಡು ಹೋಗುತ್ತಿದ್ದ ಟ್ರೋಜನ್ ಲಾರಿಯ ಹೆಸರದು.

ಟ್ರೋಜನ್ ಹೆಚ್ಚಿನ ಹಾಡುಗಳನ್ನು ತಾನೇ ರೆಕಾರ್ಡ್ ಮಾಡಲಿಲ್ಲ. ಜಮೈಕಾದ ನಿರ್ಮಾಪಕರಿಂದ ಟೇಪ್ ತರಿಸಿ ಲಂಡನ್ನಿನಲ್ಲಿ ಡಿಸ್ಕ್ ಒತ್ತಿಸಿತು. ಒಬ್ಬೊಬ್ಬ ನಿರ್ಮಾಪಕರಿಗೆ ಒಂದೊಂದು ಉಪಲೇಬಲ್: ಲೀ ಪೆರಿಗೆ ಅಪ್‌ಸೆಟರ್, ಕ್ಲಾನ್ಸಿ ಎಕ್ಲ್ಸ್‌ಗೆ ಕ್ಲ್ಯಾನ್‌ಡಿಸ್ಕ್. ಮಾರಲು ಗಾಪ್ಥಲ್ ಅವರ ಸ್ವಂತ ಅಂಗಡಿಗಳ ಸಾಲೇ ಇತ್ತು. ಯಾವ ಹಾಡು ಓಡುತ್ತದೆ ಅನ್ನೋದು ಗಲ್ಲಾಪೆಟ್ಟಿಗೆಯ ಹತ್ತಿರವೇ ಗೊತ್ತಾಗುತ್ತಿತ್ತು. ‘ಟೈಟನ್ ಅಪ್’ ಎಂಬ ಅಗ್ಗದ ಸಂಕಲನಗಳು ಬಂದವು. ವಲಸೆ ಬಂದವರ ಜೊತೆಗೆ ಬಿಳಿ ಕಾರ್ಮಿಕರ ಮನೆಯ ಹುಡುಗರೂ, ಅಂದರೆ ಆ ಕಾಲದ ಸ್ಕಿನ್‌ಹೆಡ್‌ಗಳೂ, ಅವನ್ನು ಕೊಂಡರು. ಸ್ಕಿನ್‌ಹೆಡ್ ಎಂಬ ಹೆಸರಿಗೆ ಜನಾಂಗೀಯ ದ್ವೇಷದ ಮಸಿ ಜೋರಾಗಿ ಮೆತ್ತಿಕೊಂಡದ್ದು ಆಮೇಲೆ.

ರೇಡಿಯೋ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅದಕ್ಕೇ ಕೆಲವು ಟೇಪ್‌ಗಳ ಮೇಲೆ ಲಂಡನ್ನಿನಲ್ಲಿ ಪಿಟೀಲಿನ ದಂಡು ಕೂರಿಸಿದರು. ಬಾಬ್ ಅಂಡ್ ಮಾರ್ಷಿಯಾ ಜೋಡಿ (ಈ ಬಾಬ್ ಮಾರ್ಲಿ ಅಲ್ಲ) ಹಾಡಿದ ‘ಯಂಗ್, ಗಿಫ್ಟೆಡ್ ಅಂಡ್ ಬ್ಲ್ಯಾಕ್’ 1970ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿದ್ದು ಹಾಗೆ. ಅಲ್ಲಿ ಪಿಟೀಲು ಒಪ್ಪುತ್ತದೆ. ಎಷ್ಟೋ ಕಡೆ ಅದು ಉಪ್ಪಿಟ್ಟಿನ ಮೇಲೆ ಸುರಿದ ಸಕ್ಕರೆ ಪಾಕ, ಬೇಕಿರಲಿಲ್ಲ.

ಟ್ರೋಜನ್ ಹೊರತಂದ, ಗಾಯಕ ಕೆನ್ ಬೂತ್ ಅವರ ಒಂದು ಹಾಡು 1974ರಲ್ಲಿ ಆ ಪಟ್ಟಿಯ ತುದಿ ಮುಟ್ಟಿತು. ಮರುವರ್ಷವೇ ಕಂಪನಿ ದಿವಾಳಿ! ಮೊದಲ ಸ್ಥಾನ ಸಿಕ್ಕಿದರೂ ಸಾಲ ತೀರಲಿಲ್ಲ.

ಆದರೆ ಡಿಸ್ಕುಗಳು ಮನೆಗಳಲ್ಲಿ ಉಳಿದವು. ಅವನ್ನು ಕೇಳುತ್ತ ಬೆಳೆದವರು ಬ್ಯಾಂಡ್ ಕಟ್ಟಿದರು. 1980ರಲ್ಲಿ ಅಂಥ ಒಂದು ಬ್ಯಾಂಡ್ ದಿ ಸ್ಪೆಷಲ್ಸ್‌ನ ಲೈವ್ ಇಪಿ (ಕೆಲವೇ ಹಾಡುಗಳ ಸಣ್ಣ ಡಿಸ್ಕ್) ಮೊದಲ ಸ್ಥಾನಕ್ಕೆ ಬಂತು, ಅದರಲ್ಲಿ ಟ್ರೋಜನ್ ಕಾಲದ ಹಾಡುಗಳ ಸರಮಾಲೆಯೇ ಇತ್ತು. 1983ರಲ್ಲಿ ಯುಬಿ40 ಎಂಬ ಇನ್ನೊಂದು ಬ್ಯಾಂಡ್ ಹಾಡಿದ ‘ರೆಡ್ ರೆಡ್ ವೈನ್’ ಮೂಲದಲ್ಲಿ ನೀಲ್ ಡೈಮಂಡ್‌ರದು. ಆ ಹುಡುಗರಿಗೆ ಪರಿಚಯ ಇದ್ದದ್ದು ಟ್ರೋಜನ್ನಿನ ಉಪಲೇಬಲ್ಲಿನಲ್ಲಿ ಬಂದ ಟೋನಿ ಟ್ರೈಬ್ ಹಾಡಿಕೆ.

ಒಂದು ಕಹಿ ಮಾತನ್ನೂ ಹೇಳಲೇಬೇಕು. ಲಂಡನ್ ವ್ಯವಹಾರ ಮಾಡುತ್ತಿದ್ದುದು ಹೆಚ್ಚಾಗಿ ನಿರ್ಮಾಪಕರ ಜೊತೆ. ಕಿಂಗ್‌ಸ್ಟನ್ನಿನ ಎಷ್ಟೋ ಗಾಯಕರಿಗೆ, ವಾದ್ಯಗಾರರಿಗೆ ಒಮ್ಮೆ ಕೊಟ್ಟ ಕೂಲಿಯೇ ಕೊನೆ. ಹಾಡುಗಳ ಹಕ್ಕು ಮಾತ್ರ ಕೈಯಿಂದ ಕೈಗೆ ಮಾರಾಟ ಆಗುತ್ತಲೇ ಇತ್ತು: 2001ರಲ್ಲಿ ಸ್ಯಾಂಕ್ಚುಯರಿ, 2007ರಲ್ಲಿ ಯೂನಿವರ್ಸಲ್, 2013ರಲ್ಲಿ ಬಿಎಂಜಿ. ಸ್ವತಂತ್ರ ಲೇಬಲ್ಲಿನ ಆಸ್ತಿ ಕೊನೆಗೆ ದೊಡ್ಡ ಕಂಪನಿಯ ಕಪಾಟು ಸೇರಿತು. ಅಂದವಾದ ಪೆಟ್ಟಿಗೆಯಲ್ಲಿ ಮರುಮುದ್ರಣ ಕೊಳ್ಳುವಾಗ ಇದನ್ನೂ ಕೇಳಬೇಕು: ದುಡ್ಡು ಯಾರಿಗೆ ಹೋಗುತ್ತದೆ?

ಸರಿ, ನಿಮ್ಮ ಪ್ರಶ್ನೆಗಳಿಗಿಂತ ಮೊದಲು ಒಂದು ಹಾಡು. 1969ರ ‘ಲಿಕ್ವಿಡೇಟರ್’, ಹ್ಯಾರಿ ಜೆ ಆಲ್‌ಸ್ಟಾರ್ಸ್. ಚೆಲ್ಸಿ ಫುಟ್‌ಬಾಲ್ ಮೈದಾನದಲ್ಲಿ ಮೊಳಗುವುದು ಇದೇ. ವಿನ್‌ಸ್ಟನ್ ರೈಟ್ ಅವರ ಆರ್ಗನ್ ಕಡೆ ಕಿವಿ ಇಡಿ.