ಗುಣದಲ್ಲಿಯೂ ದೋಷ ಕಾಣುವ ಕಣ್ಣು

ಕೇಳುಗರಿಗೆ ನಮಸ್ಕಾರ.

ಅಸೂಯೆ ಎಂದರೇನೆಂದು ಕೇಳಿದರೆ, ಪರರ ಏಳಿಗೆಯನ್ನು ಕಂಡು ಕರುಬುವುದು ಎಂದು ನಾವು ಥಟ್ಟನೆ ಹೇಳುತ್ತೇವೆ. ಅಮರಕೋಶವು ಆ ಸಹಿಸಲಾರದ ಸಂಕಟಕ್ಕೆ ಈರ್ಷ್ಯೆ ಎಂಬ ಹೆಸರು ಕೊಟ್ಟು, ಗುಣವಿರುವಲ್ಲಿಯೂ ದೋಷವನ್ನು ಆರೋಪಿಸುವುದು ಅಸೂಯೆ ಎಂದು ಬೇರೆಯಾಗಿ ಹೇಳುತ್ತದೆ. ನಿದ್ದೆಗೆಡಿಸುವ ಆ ಸಂಕಟ ಯಾರಿಗೂ ತಪ್ಪಿದ್ದಲ್ಲ, ಬಂದು ಹೋಗಲೂಬಹುದು. ಬೆಳವಣಿಗೆಗೆ ಅಡ್ಡ ನಿಲ್ಲುವುದು ಎರಡನೆಯದು.

ಜೊತೆಯಲ್ಲಿ ಕೆಲಸಕ್ಕೆ ಸೇರಿದವರೊಬ್ಬರಿಗೆ ಬಡ್ತಿ ದೊರೆಯಿತೆನ್ನಿ. 'ಮೇಲಿನವರನ್ನು ಓಲೈಸಿ ಗಿಟ್ಟಿಸಿಕೊಂಡರು' ಎಂದುಕೊಂಡ ಕೂಡಲೇ ಮನಸ್ಸು ತುಸು ಹಗುರಾಗುತ್ತದೆ, ನಿಜ. ಆದರೆ ಅವರು ಸಂಜೆಯ ಹೊತ್ತು ಕುಳಿತು ಏನು ಕಲಿತರು, ಕಷ್ಟದ ಕೆಲಸ ಬಂದಾಗ ಏಕೆ ಹಿಂಜರಿಯಲಿಲ್ಲ, ತಪ್ಪಾದಾಗ ಹೇಗೆ ಒಪ್ಪಿಕೊಂಡರು ಎಂಬುದನ್ನು ನೋಡುವ ಅಗತ್ಯವೇ ಆಮೇಲೆ ನಮಗೆ ಉಳಿಯುವುದಿಲ್ಲ. ಓಲೈಸಿಯೇ ಮೇಲೆ ಹೋದವರೂ ಇದ್ದಾರೆ, ಆ ಮಾತು ಬೇರೆ.

ದೂರದ ಸಿರಿವಂತರನ್ನು ಕಂಡು ನಾವು ಅಷ್ಟಾಗಿ ಕರುಬುವುದಿಲ್ಲ. ಹುಟ್ಟು, ವಯಸ್ಸು, ಸ್ಥಾನಮಾನಗಳಲ್ಲಿ ನಮಗೆ ಸಮೀಪದವರ ಮೇಲೆಯೇ ಮತ್ಸರ ಮೂಡುತ್ತದೆ ಎಂಬುದನ್ನು ಗ್ರೀಸಿನ ಅರಿಸ್ಟಾಟಲ್ ಗುರುತಿಸಿದ್ದನು. ಜಪಾನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಮೆದುಳಿನ ಅಧ್ಯಯನವೊಂದರಲ್ಲಿಯೂ, ತಮಗೆ ಮುಖ್ಯವೆನಿಸಿದ ವಿಷಯದಲ್ಲಿ ತಮಗಿಂತ ಮೇಲಿರುವವರ ಬಗ್ಗೆ ಓದಿದಾಗ, ನೋವಿನ ಅನುಭವಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾದದ್ದು ಕಂಡುಬಂದಿತು. ಯಾರಿಂದ ಹೆಚ್ಚು ಕಲಿಯಬಹುದಿತ್ತೋ ಅವರಿಗೇ ನಾವು ಬೆನ್ನು ತಿರುಗಿಸುವುದು ಹೀಗೆ.

ಹಸ್ತಿನಾಪುರದಲ್ಲಿ ದುರ್ಯೋಧನನಿಗೆ ಯಾವ ಕೊರತೆಯೂ ಇರಲಿಲ್ಲ. ಇಂದ್ರಪ್ರಸ್ಥದ ವೈಭವವನ್ನು ಕಂಡು ಬಂದವನು, ಬೆಂಕಿಗೆ ಬೀಳುತ್ತೇನೆ, ಇಲ್ಲವೇ ವಿಷ ಕುಡಿಯುತ್ತೇನೆ ಎಂದು ಶಕುನಿಯ ಮುಂದೆ ಗೋಳಾಡುತ್ತಾನೆ. ಅದೇ ಉಸಿರಿನಲ್ಲಿ, ದೈವವೇ ದೊಡ್ಡದು, ಪೌರುಷ ನಿರರ್ಥಕ ಎಂದೂ ಹೇಳುತ್ತಾನೆ. ಪಾಂಡವರ ಏಳಿಗೆಯನ್ನು ದೈವದ ಲೆಕ್ಕಕ್ಕೆ ಬರೆದುಬಿಟ್ಟ ಮೇಲೆ ಅವರ ಪರಿಶ್ರಮದಿಂದ ಅವನು ಕಲಿಯುವುದಾದರೂ ಏನು?

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ನನ್ನ ಓರಗೆಯ ಲೇಖಕರೊಬ್ಬರ ಕಥಾಸಂಕಲನ ಹೆಸರು ಮಾಡಿದಾಗ, ಅದರಲ್ಲಿ ಮಾತು ಹೆಚ್ಚು, ಕಥೆ ಕಡಿಮೆ ಎಂದು ಹೇಳಿಕೊಂಡು ತಿರುಗಿದೆ; ಪುಸ್ತಕವನ್ನು ಮಾತ್ರ ಓದಿರಲಿಲ್ಲ. ಓದಿದ್ದು ಆರು ವರ್ಷಗಳ ನಂತರ. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂದು ನನಗೆ ಎಂದೂ ತಿಳಿಯುತ್ತಿರಲಿಲ್ಲ. ಅವರು ಅದನ್ನು ಪ್ರತಿಯೊಂದು ಕಥೆಯಲ್ಲಿಯೂ ಸಲೀಸಾಗಿ ಸಾಧಿಸಿದ್ದರು. ಆ ಆರು ವರ್ಷಗಳಲ್ಲಿ ನಾನು ಬರೆದದ್ದನ್ನು ಈಗ ತೆಗೆದು ನೋಡಿದರೆ, ಒಂದೊಂದರ ಕೊನೆಯ ಪುಟದಲ್ಲಿಯೂ ಅದೇ ತಪ್ಪು ಕಾಣುತ್ತದೆ.