ಮಾರಿಕಣಿವೆಯ ಕೋಡಿ ತಗ್ಗಿಸಬೇಡಿ

ನಮಸ್ಕಾರ. ಮಾರಿಕಣಿವೆ ಅಂತ ಕರೆಯೋ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟಿನ ಕೋಡಿ ತಗ್ಗಿಸಿ ಅಂತ ಕೆಲವರು ಕೇಳುತ್ತಿದ್ದಾರೆ. ಈ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ! 33ರ ಕೋಡಿ ನೋಡಿದ ಮಕ್ಕಳು ಅಜ್ಜ-ಅಜ್ಜಿಯರಾಗಿ ಹೋದರೂ ಅದು ಮತ್ತೆ ತುಂಬಿರಲಿಲ್ಲ.

ಹಾಗಾದರೆ ಇಷ್ಟು ದೊಡ್ಡದು ಯಾಕೆ ಕಟ್ಟಿದರು ಅಂತ ಕೇಳೋರಿದ್ದಾರೆ. ನನಗೆ ಆ ಪ್ರಶ್ನೆಯೇ ಸರಿ ಕಾಣೋದಿಲ್ಲ. ವೇದಾವತಿ ವರ್ಷವಿಡೀ ಹರಿಯೋ ಹೊಳೆಯಲ್ಲ. ಬಾಬಾಬುಡನ್‌ಗಿರಿ ಕಡೆ ಮಳೆ ಹಿಡಿದರೆ ಬರುತ್ತಾಳೆ, ಇಲ್ಲದಿದ್ದರೆ ಬರೀ ಮರಳು. ಇಂಥ ಹೊಳೆಗೆ ಒಂದು ವರ್ಷದ ಲೆಕ್ಕದಲ್ಲಿ ಕಟ್ಟೆ ಕಟ್ಟಿದರೆ, ಬಂದ ವರ್ಷ ನೀರೆಲ್ಲ ಕೋಡಿ ಮೇಲೆ ಹೋಗುತ್ತೆ, ಬಾರದ ವರ್ಷ ತಳ ಕಾಣುತ್ತೆ. ಮೈಸೂರು ಸಂಸ್ಥಾನದವರು 1907ರ ಹೊತ್ತಿಗೆ ಎರಡು ಗುಡ್ಡಗಳ ನಡುವಿನ ಕಣಿವೆಗೆ ಕಲ್ಲು-ಗಾರೆಯ ಗೋಡೆ ಎಬ್ಬಿಸಿ, 130 ಅಡಿಗೆ ಕೋಡಿ ಇಟ್ಟು, ಸುಮಾರು 30 ಟಿಎಂಸಿ ಹಿಡಿಯೋ ಹಾಗೆ ಮಾಡಿದ್ದು ಇದಕ್ಕೇ. ಒಳ್ಳೆ ಮಳೆಯ ನೀರು ಮುಂದಿನ ಬರಕ್ಕೆ ಉಳಿಯಬೇಕು. ನಮ್ಮ ಮನೆಗಳಲ್ಲಿ ಕಣಜ ಇರುತ್ತಿತ್ತಲ್ಲ, ಹಾಗೆ.

ಕಣಜ ಬರಿದಾದದ್ದೂ ಉಂಟು. ಬರಗಾಲದಲ್ಲಿ ನೀರು ಡೆಡ್ ಸ್ಟೋರೇಜ್‌ಗೆ, ಅಂದರೆ ನಾಲೆಗೆ ಹರಿಸೋಕಾಗದ ತಳಮಟ್ಟಕ್ಕೆ ಇಳಿದು, ನಾಲೆಗೆ ನೀರು ಬಿಡದೆ, ಹಿರಿಯೂರು ಸೀಮೆಯ ತೆಂಗು ನಿಂತಲ್ಲೇ ಒಣಗಿತು. ತೆಂಗಿನ ಮರ ಸತ್ತರೆ ಮುಂದಿನ ಮಳೆಗೆ ಮತ್ತೆ ಚಿಗುರೋದಿಲ್ಲ ಸ್ವಾಮಿ, ಒಂದು ತಲೆಮಾರಿನ ದುಡಿಮೆ ಹೋದ ಹಾಗೆ.

2019ರಿಂದ ಭದ್ರಾ ನದಿಯ ನೀರನ್ನೂ ಎತ್ತಿ ಇಲ್ಲಿಗೆ ತರುತ್ತಿದ್ದಾರೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಬಾಗಿನ ಬಿಟ್ಟರು, ಎಲ್ಲರಿಗೂ ಸಂತೋಷ. ನನಗೂ. ಆದರೆ ಈ ಸಂತೋಷದ ಇನ್ನೊಂದು ಬದಿ ಹೊಸದುರ್ಗದ ಹಿನ್ನೀರಿನಲ್ಲಿದೆ. ಅಲ್ಲಿ ತೋಟ ಮುಳುಗುತ್ತೆ, ಮನೆಯೊಳಗೆ ನೀರು ಬರುತ್ತೆ. ಅದಕ್ಕೇ ಕೋಡಿ ಎತ್ತರ ಕಡಿಮೆ ಮಾಡಿ ಅನ್ನೋ ಬೇಡಿಕೆ ಎದ್ದಿರೋದು.

ಆ ರೈತರ ಸಂಕಟ ಸುಳ್ಳಲ್ಲ. 89 ವರ್ಷ ನೀರು ಬಾರದ ಜಾಗದಲ್ಲಿ ಜನ ಬದುಕು ಕಟ್ಟಿಕೊಂಡರೆ ಅದು ಅವರ ತಪ್ಪೂ ಅಲ್ಲ. ಹಾಗಂತ ಕೋಡಿ ತಗ್ಗಿಸಬಾರದು. ಕೆರೆಯ ಬಾಯಿ ಅಗಲ ಇರೋದು ಮೇಲುಗಡೆ. ಹಾಗಾಗಿ ಮೇಲಿನ ಒಂದೊಂದು ಅಡಿಯಲ್ಲೇ ಹೆಚ್ಚು ನೀರು ನಿಲ್ಲೋದು. ಅಲ್ಲಿ ಕೊಯ್ದರೆ ಕಳೆದುಕೊಳ್ಳೋದು ಚಿತ್ರದುರ್ಗ, ಹಿರಿಯೂರಿನ ಕುಡಿಯೋ ನೀರು, ಸುಮಾರು 30 ಸಾವಿರ ಎಕರೆ ಅಚ್ಚುಕಟ್ಟಿನ ಆಸರೆ.

ಕೋಡಿ ಹರಿಯುವಾಗ ನೀರು ಎಲ್ಲಿವರೆಗೆ ಏರುತ್ತೋ ಅಲ್ಲಿವರೆಗೆ ಕಲ್ಲು ನೆಟ್ಟು ಅಳೆಯಿರಿ. ಅದರೊಳಗೆ ಯಾರ ತೋಟ, ಯಾರ ಮನೆ ಇದೆ ಅಂತ ಹೆಸರು ಹೆಸರಾಗಿ ಬರೆದು, ಹೊಸ ಜಾಗಕ್ಕೆ ಹೋಗಿ ನೆಲೆ ನಿಲ್ಲೋವಷ್ಟು ಪರಿಹಾರ ಕೊಡಿ. ಮುಂದಿನ ಮುಂಗಾರಿಗೆ ಮೊದಲು.